ಉಪ್ಪು, ಮರಳು ಬೆರೆತರೆ ಬೇರೆ ಮಾಡುವುದು ಹೇಗೆ?

ಎರಡರ ಗುಣದಲ್ಲಿ ಏನು ವ್ಯತ್ಯಾಸ ಅಂತ ಮೊದಲು ನೋಡಿ, ದಾರಿ ಅಲ್ಲೇ ಸಿಗುತ್ತದೆ. ಉಪ್ಪು ನೀರಿನಲ್ಲಿ ಕರಗುತ್ತದೆ, ಮರಳು ಕರಗುವುದಿಲ್ಲ. ನೀರು ಹಾಕಿ ಕಲಕಿ, ಬಟ್ಟೆಯಲ್ಲಿ ಸೋಸಿ. ಮರಳು ಬಟ್ಟೆಯ ಮೇಲೆ ಉಳಿಯುತ್ತದೆ. ಸೋಸಿದ ನೀರನ್ನು ಪೂರ್ತಿ ಇಂಗುವವರೆಗೆ ಕುದಿಸಿದರೆ ತಳದಲ್ಲಿ ಉಪ್ಪು. ನೀರೂ ಬೇಕಾದರೆ ಆವಿಯನ್ನು ತಣಿಸಿ ಹಿಡಿಯಬೇಕು.

ನಮ್ಮ ಕೊಡಗಿನಲ್ಲಂತೂ ಈ ಪಾಠ ತೋಟದಲ್ಲೇ ನಡೆಯುತ್ತದೆ. ಅರೇಬಿಕಾ ಕಾಫಿ ಹಣ್ಣನ್ನು ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ಗೆ ಹಾಕುವ ಮೊದಲು ನೀರಿನ ತೊಟ್ಟಿಗೆ ಸುರಿಯುತ್ತಾರೆ. ಗಟ್ಟಿ ಹಣ್ಣು ಮುಳುಗುತ್ತದೆ. ಜೊಳ್ಳು, ಎಲೆ, ಕಡ್ಡಿ ತೇಲುತ್ತವೆ, ಬುಟ್ಟಿಯಲ್ಲಿ ಬಾಚಿ ತೆಗೆದರಾಯಿತು. ಒಣಗಿದ ಕರಿಮೆಣಸಿಗೆ ಮೊರ ಸಾಕು, ಹಗುರ ಕಾಳು ಗಾಳಿಗೆ ಹಾರುತ್ತದೆ.

ಕಾಫಿ ಫಿಲ್ಟರ್ ಸುಮ್ನೆ ಸೋಸುತ್ತದೆ ಅಂದುಕೊಳ್ತೀವಿ, ಅಲ್ವಾ? ಬಿಸಿನೀರು ಮೊದಲು ಪುಡಿಯ ಸಾರ ಎಳೆದುಕೊಳ್ಳುತ್ತದೆ, ಸೋಸುವುದು ಆಮೇಲೆ.