ಹಳೆಯ ಕಾರಿನ ಎಂಜಿನ್‌ನಿಂದ ಕೀಚ್ ಕೀಚ್ ಸದ್ದು. ಬೆಲ್ಟ್ ಬದಲಿಸಿದರೂ ನಿಂತಿಲ್ಲ. ಮೂಲ ಪತ್ತೆ ಮಾಡುವುದು ಹೇಗೆ?

ಹೊಸ ಬೆಲ್ಟ್ ಹಾಕಿದ್ದೀರಿ, ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗ) ಸದ್ದು ಜೋರು, ಎಂಜಿನ್ ಬಿಸಿಯಾದ ಮೇಲೇ ಶುರುವಾಗುತ್ತದೆ ಎಂದಿದ್ದೀರಿ. ಇನ್ನೊಂದು ಪಾರ್ಟ್ ಕೊಳ್ಳುವ ಮುಂಚೆ ಆ ಸದ್ದಿನ ಲಯ ಹಿಡಿಯಿರಿ. ಬಾನೆಟ್ ಕೆಳಗೆ ಸದ್ದು ಎಲ್ಲೆಲ್ಲೋ ಬಡಿದು ಬರುವುದರಿಂದ ಕಿವಿ ಜಾಗದ ವಿಷಯದಲ್ಲಿ ಮೋಸಹೋಗುತ್ತದೆ, ಲಯದ ವಿಷಯದಲ್ಲಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಟೈಮಿಂಗ್ ಲೈಟ್ (ಪ್ಲಗ್ ಕಿಡಿ ಹೊಡೆದಾಗಲೆಲ್ಲ ಮಿನುಗುವ ದೀಪ) ಇದ್ದರೆ ಒಂದನೇ ಸಿಲಿಂಡರಿನ ಪ್ಲಗ್ ವೈರಿಗೆ ಸಿಕ್ಕಿಸಿ. ಕ್ರ್ಯಾಂಕ್ (ಎಂಜಿನ್‌ನ ಮುಖ್ಯ ಶಾಫ್ಟ್) ಎರಡು ಸುತ್ತು ತಿರುಗಿದಾಗ ಅದು ಒಂದು ಸಲ ಮಿನುಗುತ್ತದೆ. ಐಡ್ಲಿಂಗ್ ನಿಮಿಷಕ್ಕೆ 800 ಸುತ್ತು ಇದ್ದರೆ ನಿಮಿಷಕ್ಕೆ 400 ಸಲ. ಮಿನುಗಿಗೆ ಒಂದೇ ಕೀಚು ಬಂದರೆ ಕ್ಯಾಮ್ (ವಾಲ್ವ್ ತೆರೆಸುವ ಶಾಫ್ಟ್, ಕ್ರ್ಯಾಂಕಿನ ಅರ್ಧ ವೇಗದ್ದು) ವೇಗದ ಭಾಗ: ರಾಕರ್ (ವಾಲ್ವ್ ಒತ್ತುವ ತೋಳು), ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ), ಕ್ಯಾಮ್‌ನಿಂದ ಓಡುವ ಪೆಟ್ರೋಲ್ ಪಂಪ್. ಎರಡು ಬಂದರೆ ಕ್ರ್ಯಾಂಕ್ ಪುಲ್ಲಿ ಅಥವಾ ಕ್ಲಚ್ ಕಡೆ. ಮಿನುಗಿನ ಜೊತೆ ಹೊಂದದೆ ಜಾರುತ್ತಾ ಹೋದರೆ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಅಥವಾ ವಾಟರ್ ಪಂಪ್, ಏಕೆಂದರೆ ಅವುಗಳ ಪುಲ್ಲಿ ಅಳತೆ ಸಾಮಾನ್ಯವಾಗಿ ಬೇರೆ ಇರುತ್ತದೆ.

ಆಮೇಲೆ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ. ಬಿಸಿ ಎಂಜಿನ್ ನಿಲ್ಲಿಸಿ, ಬೆಲ್ಟ್ ಕಳಚಿ, ಮತ್ತೆ ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಮಾತ್ರ ಓಡಿಸಿ. ನೀರು ಸುತ್ತುವುದಿಲ್ಲವಾದ್ದರಿಂದ ಅದಕ್ಕಿಂತ ಹೆಚ್ಚು ಬೇಡ. ಚಾರ್ಜಿಂಗ್ ದೀಪ ಉರಿಯುವುದು ಸಹಜ. ಸದ್ದು ನಿಂತಿತೇ? ಹಾಗಾದರೆ ಎಂಜಿನ್ ಆಫ್ ಇರುವಾಗ ಡೈನಮೋ, ವಾಟರ್ ಪಂಪ್ ಎರಡರ ಪುಲ್ಲಿಗಳನ್ನೂ ಕೈಯಲ್ಲಿ ತಿರುಗಿಸಿ, ಆಚೀಚೆ ಅಲುಗಾಡಿಸಿ ನೋಡಿ. ವಾಟರ್ ಪಂಪ್ ಶಾಫ್ಟ್ ಅಲುಗಿದರೆ, ಅಥವಾ ಪಂಪಿನ ಕೆಳಗಿನ ಸಣ್ಣ ರಂಧ್ರದ ಬಳಿ ನೀರಿನ ಕಲೆ ಇದ್ದರೆ ಪಂಪ್ ಬದಲಿಸುವವರೆಗೆ ಗಾಡಿ ಹೊರಗೆ ತೆಗೆಯಬೇಡಿ. ಹಳೆಯ ಡೈನಮೋಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಬೇರಿಂಗ್ ಬದಲು ಕಂಚಿನ ಬುಷ್ ಇರುತ್ತದೆ. ಅದು ಒಣಗಿದರೆ ಬಿಸಿಯಲ್ಲಿ ಕಿರುಚುತ್ತದೆ. ಹಿಂದಿನ ಪ್ಲೇಟಿನ ನಡುವಿನ ಎಣ್ಣೆ ರಂಧ್ರಕ್ಕೆ ಎಂಜಿನ್ ಆಯಿಲ್ ಎರಡು ಮೂರು ಹನಿ ಸಾಕು. ಹೆಚ್ಚಾದರೆ ಕಮ್ಯುಟೇಟರ್ (ಬ್ರಷ್ ಉಜ್ಜುವ ಭಾಗ) ಮೇಲೆ ಹರಿದು ಬ್ರಷ್ ಕೆಡುತ್ತದೆ.

ಎರಡೂ ಸರಿ ಇದ್ದರೆ ಬೆಲ್ಟಿನ ದಾರಿ ನೋಡಿ. ವಿ ಬೆಲ್ಟ್ ಪುಲ್ಲಿಯ ಎರಡು ಗೋಡೆಗಳನ್ನು ಹಿಡಿದು ಓಡಬೇಕು, ತಳ ಮುಟ್ಟಬಾರದು. ಕಾಲುವೆಯ ತಳ ಹೊಳೆಯುತ್ತಿದ್ದರೆ ಪುಲ್ಲಿ ಸವೆದಿದೆ ಅಥವಾ ಬೆಲ್ಟ್ ಅಗಲ ಕಡಿಮೆ. ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 12 ಮಿ.ಮೀ. ತಗ್ಗಬೇಕು. ಸದ್ದು ನಿಲ್ಲಲಿ ಎಂದು ಇನ್ನೂ ಬಿಗಿದರೆ ಪಂಪ್ ಮತ್ತು ಡೈನಮೋ ಬೇರಿಂಗ್ ಹೋಗುತ್ತವೆ. ಬೆಲ್ಟಿಗೆ ಹಾಕುವ ಸ್ಪ್ರೇಗಳನ್ನು ದಯವಿಟ್ಟು ಮುಟ್ಟಬೇಡಿ, ಅವು ಕಾರಣವನ್ನು ಮುಚ್ಚುತ್ತವೆ ಅಷ್ಟೇ.

ಬೆಲ್ಟ್ ಇಲ್ಲದೆಯೂ ಕಿರುಚಿದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯಿರಿ. ಪಾಯಿಂಟ್‌ನ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್) ಹಿಮ್ಮಡಿ ಡಿಸ್ಟ್ರಿಬ್ಯೂಟರ್ ಒಳಗಿನ ಒಣ ಕ್ಯಾಮ್ ಮೇಲೆ ಉಜ್ಜಿದರೆ ಹಕ್ಕಿ ಮರಿಯಂತೆ ಚಿಲಿಪಿಲಿ ಸದ್ದು ಬರುತ್ತದೆ. ಇದು ಪ್ರತಿ ಉಬ್ಬಿಗೂ ಆಗಬಹುದು, ಆದ್ದರಿಂದ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಮಿನುಗಿಗೆ ನಾಲ್ಕು ಕೀಚು ಕೇಳಿದರೆ ನೇರ ಇಲ್ಲಿಗೇ ಬನ್ನಿ. ಕ್ಯಾಮ್‌ಗೆ ತೆಳುವಾಗಿ ಗ್ರೀಸ್ ಸವರಿ, ರೋಟರ್ ಕೆಳಗೆ ಎಣ್ಣೆ ಬತ್ತಿ ಇದ್ದರೆ ಒಂದೆರಡು ಹನಿ ಆಯಿಲ್ ಬಿಡಿ, ಪಾಯಿಂಟ್ ಮುಖಕ್ಕೆ ತಾಗದಿರಲಿ. ಹಿಮ್ಮಡಿ ಸವೆದಷ್ಟೂ ಪಾಯಿಂಟ್ ಗ್ಯಾಪ್ ಕಿರಿದಾಗಿ ಕಿಡಿಯ ಟೈಮಿಂಗ್ ಹಿಂದೆ ಬೀಳುತ್ತದೆ, ಹಾಗಾಗಿ ಗ್ಯಾಪ್ ಕೂಡ ಮತ್ತೆ ಅಳೆಯಿರಿ.

ಕ್ಲಚ್ ಪರೀಕ್ಷೆ ಸುಲಭ: ನ್ಯೂಟ್ರಲ್‌ನಲ್ಲಿ ಪೆಡಲ್ ಒತ್ತಿದಾಗ ಸದ್ದು ಶುರುವಾದರೆ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್), ನಿಂತರೆ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಕಡೆ ಅನುಮಾನಿಸಿ.

ಲಯವೇ ಇಲ್ಲದ, ಒಂದೇ ಸಮನೆ ಎಳೆಯುವ ಕೀರಲು ಸದ್ದಾದರೆ ಗಾಳಿ ಸೋರಿಕೆ ಇರಬಹುದು. ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದ ಕೂಡಲೇ ಸದ್ದು ನಿಂತರೆ ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಹೋಗುವ ದಾರಿ) ಕೆಟ್ಟು ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಇರುವ ಕೆಳಭಾಗ) ಒಳಗೆ ಎಳೆತ ಹೆಚ್ಚಾಗಿದೆ. ಗಾಳಿ ಆಯಿಲ್ ಸೀಲ್ ಮೂಲಕ ನುಗ್ಗುತ್ತಿದೆ. ಇನ್‌ಲೆಟ್ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಮತ್ತು ಪೆಟ್ರೋಲ್ ಒಯ್ಯುವ ಕೊಳವೆ) ಗ್ಯಾಸ್ಕೆಟ್‌ನ ಸೋರಿಕೆ ಹುಡುಕಲು ನೀರು ಸಿಂಪಡಿಸಿ. ಪೆಟ್ರೋಲ್, ಕಾರ್ಬ್ಯುರೇಟರ್ ಕ್ಲೀನರ್ ಬೇಡ, ಎಕ್ಸಾಸ್ಟ್ ಪಕ್ಕದಲ್ಲೇ ಇದೆ.

ಕ್ಯಾಮ್ ಲಯವಿದ್ದು ಡಿಸ್ಟ್ರಿಬ್ಯೂಟರ್ ಸರಿಯಿದ್ದರೆ ರಾಕರ್ ಕವರ್ ಬಿಚ್ಚಿ ಐಡ್ಲಿಂಗ್‌ನಲ್ಲಿ ನೋಡಿ. ರಾಕರ್‌ಗಳಿಗೆ ಎಣ್ಣೆ ಬರದಿದ್ದರೆ ಎಂಜಿನ್ ತಕ್ಷಣ ಆಫ್ ಮಾಡಿ, ಎಣ್ಣೆ ದಾರಿ ಶುಚಿ ಮಾಡುವವರೆಗೆ ಸ್ಟಾರ್ಟ್ ಮಾಡಬೇಡಿ.