ಸ್ವಂತ ಸರ್ವರ್‌ಗೆ ಯಾವ ವೇದಿಕೆ? ಮೊದಲು ಪ್ಯಾಕೇಜ್ ಮಾಡುವವರನ್ನು ನೋಡಿ

ಮನೆಯವರಿಗೆ ಮತ್ತು ಒಂದು ಸಣ್ಣ ಗುಂಪಿಗೆ ನೆಕ್ಸ್ಟ್‌ಕ್ಲೌಡ್ (ಫೈಲು, ಫೋಟೊ ಇಡುವ ಆ್ಯಪ್), ಪಾಸ್‌ವರ್ಡ್ ಮ್ಯಾನೇಜರ್, ವಿಕಿ, ಬ್ಲಾಗ್ ಇಷ್ಟನ್ನು ಒಂದೇ ಸರ್ವರ್‌ನಲ್ಲಿ ನಡೆಸಬೇಕು. ಇಂಥ ಆ್ಯಪ್‌ಗಳನ್ನು ಸರ್ವರ್‌ಗೆ ಹಾಕಿ ನೋಡಿಕೊಳ್ಳುವ ವೇದಿಕೆಗಳಾದ ಯುನೊಹೋಸ್ಟ್, ಕ್ಲೌಡ್ರಾನ್, ಸ್ಯಾಂಡ್‌ಸ್ಟಾರ್ಮ್, ಕೂಲಿಫೈ ಇವುಗಳಲ್ಲಿ ಯಾವುದನ್ನು ಹಾಕಲಿ, ಯಾವುದರ ಸಮುದಾಯ ಗಟ್ಟಿ, ಮೇಲ್ ಸರ್ವರನ್ನೂ ಅದರಲ್ಲೇ ಇಡಬಹುದಾ ಎಂದು ಕೇಳಿದ್ದೀರಿ. ಲಿನಕ್ಸ್ ಕಮಾಂಡ್ ಲೈನ್ ಸ್ವಲ್ಪ ಗೊತ್ತು, ಆದರೆ ದಿನಾ ಅದರ ಮುಂದೆ ಕೂರಲು ಪುರುಸೊತ್ತಿಲ್ಲ ಎಂದೂ ಬರೆದಿದ್ದೀರಿ. ಆ ಕೊನೆಯ ಮಾತೇ ಇಲ್ಲಿ ಮುಖ್ಯ. ನೀವು ಹೇಳಿದ ಕೆಲಸಕ್ಕೆ ನಾನಾದರೆ ಯುನೊಹೋಸ್ಟ್ ಹಾಕುತ್ತೇನೆ. ಯಾಕೆ ಎಂದು ವಿವರಿಸುವಾಗ ಉಳಿದವುಗಳ ಗುಣದೋಷವೂ ಬರುತ್ತದೆ.

ಈ ವೇದಿಕೆಗಳ ಪರಿಚಯ ಪುಟ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಒಂದು ಕ್ಲಿಕ್ಕಿಗೆ ಆ್ಯಪ್, ತಾನಾಗಿಯೇ ನವೀಕರಣವಾಗುವ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ (ಸಂಪರ್ಕವನ್ನು ಗೂಢಲಿಪಿಯಲ್ಲಿಡಲು ಬೇಕಾದದ್ದು), ಚೆಂದದ ಡ್ಯಾಶ್‌ಬೋರ್ಡ್. ಇನ್‌ಸ್ಟಾಲ್ ಮಾಡುವುದು ಇವತ್ತು ದೊಡ್ಡ ಕೆಲಸವೇ ಅಲ್ಲ. ಕಷ್ಟ ಶುರುವಾಗುವುದು ವರ್ಷ ಕಳೆದ ಮೇಲೆ. ನೆಕ್ಸ್ಟ್‌ಕ್ಲೌಡ್‌ನ ಹೊಸ ಆವೃತ್ತಿ ಪಿಎಚ್‌ಪಿ ಭಾಷೆಯ ಬೇರೆ ಆವೃತ್ತಿ ಕೇಳುತ್ತದೆ, ವಿಕಿಯ ಹೊಸ ಆವೃತ್ತಿ ಹಳೆಯ ಡೇಟಾಬೇಸ್ ಒಲ್ಲೆ ಎನ್ನುತ್ತದೆ. ನೆಕ್ಸ್ಟ್‌ಕ್ಲೌಡ್ ಅಂತೂ ನಡುವಿನ ಪ್ರಧಾನ ಆವೃತ್ತಿಯನ್ನು ಬಿಟ್ಟು ಮುಂದಕ್ಕೆ ಹಾರಲು ಬಿಡುವುದೇ ಇಲ್ಲ. ಎರಡು ವರ್ಷ ಸುಮ್ಮನಿದ್ದವರು ಒಂದೊಂದೇ ಆವೃತ್ತಿ ದಾಟಿ ಬರಬೇಕು. ಆ್ಯಪ್ ಬರೆದವರು ಹೊಸ ಆವೃತ್ತಿ ಬಿಟ್ಟ ಮೇಲೆ ಅದು ಸುರಕ್ಷಿತವಾಗಿ ನಿಮ್ಮ ಸರ್ವರ್ ತಲುಪುವ ತನಕ ನಡುವೆ ಯಾರೋ ಕೂತು ಕೆಲಸ ಮಾಡಿರುತ್ತಾರೆ. ಅವರೇ ಪ್ಯಾಕೇಜ್ ಮಾಡುವವರು. ಅವರು ಯಾರು, ಅವರ ಸಮಯಕ್ಕೆ ಹಣ ಎಲ್ಲಿಂದ ಬರುತ್ತದೆ, ನಾಳೆ ಅವರು ಬಿಟ್ಟರೆ ಇನ್ನೊಬ್ಬರು ಆ ಕೆಲಸ ಕೈಗೆತ್ತಿಕೊಳ್ಳಬಹುದೇ: ನನ್ನ ಮಟ್ಟಿಗೆ ವೇದಿಕೆಗಳ ನಡುವಿನ ನಿಜವಾದ ವ್ಯತ್ಯಾಸ ಇದೇ.

ಯಾವ ವೇದಿಕೆಯೂ ಬೇಡ, ಬರೀ ಡಾಕರ್ ಕಂಪೋಸ್ (ಪ್ರತಿ ಆ್ಯಪನ್ನು ಕಂಟೇನರ್ ಎಂಬ ಬೇರೆ ಡಬ್ಬದಲ್ಲಿ ನಡೆಸಿ, ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆದಿಡುವ ಸಾಧನ) ಸಾಕು ಎನ್ನುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ, ಆದರೆ ಅದರಲ್ಲಿ ಏನೇನು ನಿಮ್ಮ ತಲೆಗೆ ಬರುತ್ತದೆ ನೋಡಿ. ಕಂಪೋಸ್ ಫೈಲಿನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಇಮೇಜ್‌ಗೆ (ಕಂಟೇನರ್ ಶುರುವಾಗುವ ಸಿದ್ಧ ಕಟ್ಟಿಗೆ) ಆವೃತ್ತಿ ಸಂಖ್ಯೆ ಕೊಡದೆ ‘ಲೇಟೆಸ್ಟ್’ ಎಂದು ಬರೆದಿದೆ ಅಂದುಕೊಳ್ಳಿ. ಒಂದು ದಿನ ಹೊಸ ಇಮೇಜ್ ಇಳಿಸಿಕೊಂಡು ಕಂಟೇನರ್ ಮತ್ತೆ ಶುರು ಮಾಡಿದರೆ ಡೇಟಾಬೇಸ್ ಏಳುವುದೇ ಇಲ್ಲ. ಲಾಗ್ ತೆಗೆದರೆ, ಈ ಡೇಟಾ ಡೈರೆಕ್ಟರಿ 15ನೇ ಆವೃತ್ತಿಯಲ್ಲಿ ಸೃಷ್ಟಿಯಾದದ್ದು, ಈಗಿನ 16ಕ್ಕೆ ಹೊಂದುವುದಿಲ್ಲ ಎಂಬ ಅರ್ಥದ ಸಾಲು ಇರುತ್ತದೆ. ಡೇಟಾ ಎಲ್ಲೂ ಹೋಗಿರುವುದಿಲ್ಲ. ಹಳೆಯ ಇಮೇಜನ್ನೇ ಮತ್ತೆ ಹಾಕಿ, ಡೇಟಾದ ಪೂರ್ತಿ ನಕಲನ್ನು (ಡಂಪ್) ತೆಗೆದು, ಹೊಸ ಆವೃತ್ತಿಗೆ ಖಾಲಿ ಡೈರೆಕ್ಟರಿ ಕೊಟ್ಟು, ಅದರೊಳಗೆ ಡಂಪ್ ತುಂಬಬೇಕು. ಗೊತ್ತಿದ್ದವರಿಗೆ ಅರ್ಧ ಗಂಟೆಯ ಕೆಲಸ. ಗೊತ್ತಿಲ್ಲದವರಿಗೆ ಇಡೀ ರಾತ್ರಿ ಬೇಕು. ಇನ್ನೊಂದು ವಿಷಯ ಇದಕ್ಕಿಂತ ಅಪಾಯದ್ದು. ಡಾಕರ್ ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ತನ್ನದೇ ನಿಯಮಗಳನ್ನು ಬರೆದುಕೊಳ್ಳುವುದರಿಂದ, ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನಲ್ಲಿ ನೀವು ಮುಚ್ಚಿಟ್ಟ ಪೋರ್ಟ್ ಕೂಡ ಹೊರಗೆ ತೆರೆದುಕೊಳ್ಳುತ್ತದೆ. ಪೋರ್ಟ್ಸ್ ಸಾಲಿನಲ್ಲಿ ‘5432:5432’ ಎಂದು ಬರೆದರೆ ನಿಮ್ಮ ಡೇಟಾಬೇಸ್ ಇಡೀ ಇಂಟರ್ನೆಟ್ಟಿಗೆ ಕಾಣುತ್ತದೆ. ಅದರ ಮುಂದೆ ‘127.0.0.1:’ (ಈ ಯಂತ್ರಕ್ಕೆ ಮಾತ್ರ ಎಂದರ್ಥ) ಸೇರಿಸಬೇಕು, ಇಲ್ಲವೇ ಆ ಸಾಲನ್ನೇ ತೆಗೆದುಹಾಕಬೇಕು. ಅದೇ ಕಂಪೋಸ್ ಫೈಲಿನ ಬೇರೆ ಕಂಟೇನರ್‌ಗಳಿಗೆ ಅದಿಲ್ಲದೆಯೂ ಡೇಟಾಬೇಸ್ ಸಿಗುತ್ತದೆ. ಕಲಿಯುವುದಕ್ಕೆ ಕಂಪೋಸ್‌ಗಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆದರೆ ಅಲ್ಲಿ ಪ್ಯಾಕೇಜ್ ಮಾಡುವವರು ನೀವೇ, ಮತ್ತು ನಿಮಗೆ ಪುರುಸೊತ್ತಿಲ್ಲ.

ಯುನೊಹೋಸ್ಟ್‌ನಲ್ಲಿ ಈ ಕೆಲಸ ಮಾಡುವವರು ಸ್ವಯಂಸೇವಕರು. ಫ್ರಾನ್ಸ್‌ನಲ್ಲಿ 2012ರಲ್ಲಿ ಹುಟ್ಟಿದ ಯೋಜನೆ, ಡೆಬಿಯನ್ ಎಂಬ ಲಿನಕ್ಸ್ ಮೇಲೆ ನಡೆಯುತ್ತದೆ, ಎಜಿಪಿಎಲ್ ಎಂಬ ಮುಕ್ತ ಲೈಸೆನ್ಸ್. ಕ್ಯಾಟಲಾಗ್‌ನಲ್ಲಿ ನೂರಾರು ಆ್ಯಪ್‌ಗಳಿವೆ, ಒಂದೊಂದಕ್ಕೂ ಬೇರೆ ಗಿಟ್ ರೆಪೊ (ಕೋಡಿನ ಭಂಡಾರ). ಯಾವುದಾದರೊಂದನ್ನು ತೆರೆದು ನೋಡಿ: ಒಂದು ಮ್ಯಾನಿಫೆಸ್ಟ್ ಫೈಲು, ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿ ಇನ್‌ಸ್ಟಾಲ್, ರಿಮೂವ್, ಅಪ್‌ಗ್ರೇಡ್, ಬ್ಯಾಕಪ್, ರೀಸ್ಟೋರ್ ಎಂಬ ಹೆಸರಿನ, ಬ್ಯಾಶ್ ಎಂಬ ಕಮಾಂಡ್ ಲೈನ್ ಭಾಷೆಯ ಫೈಲುಗಳು. ಹೆಚ್ಚು ಕಮ್ಮಿ ಅಷ್ಟೇ. ಬ್ಯಾಶ್ ಓದಲು ಬರುವ ಯಾರಿಗಾದರೂ ಅರ್ಥವಾಗುತ್ತದೆ, ತಿದ್ದಿ ಕಳಿಸಲೂ ಆಗುತ್ತದೆ. ಈ ಸರಳತೆಯೇ ಆ ಸಮುದಾಯದ ಆಯುಸ್ಸಿಗೆ ಕಾರಣ ಎಂದು ನನಗೆ ಬಲವಾಗಿ ಅನಿಸುತ್ತದೆ. ಹೊಸ್ತಿಲು ತಗ್ಗಾಗಿದ್ದರೆ ಹೊಸಬರು ಒಳಗೆ ಬರುತ್ತಲೇ ಇರುತ್ತಾರೆ, ಹಳಬರು ದಣಿದು ಹೊರಟರೂ ಕೆಲಸ ನಿಲ್ಲುವುದಿಲ್ಲ. ಪ್ರತಿ ಪ್ಯಾಕೇಜನ್ನೂ ಯಂತ್ರವೇ ಪರೀಕ್ಷಿಸಿ ಅಂಕಿಯಲ್ಲಿ ಒಂದು ಮಟ್ಟ ಕೊಡುತ್ತದೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಇನ್‌ಸ್ಟಾಲ್ ಆಗುತ್ತದೆಯೇ, ಹಳೆಯದರಿಂದ ಅಪ್‌ಗ್ರೇಡ್ ಆಗುತ್ತದೆಯೇ, ಬ್ಯಾಕಪ್‌ನಿಂದ ಮರಳಿ ಬರುತ್ತದೆಯೇ ಎಂಬುದೆಲ್ಲ ಅದರಲ್ಲಿ ಸೇರಿದೆ. ನೀವು ಆಯ್ಕೆ ಮಾಡುವ ಆ್ಯಪ್‌ನ ಮಟ್ಟವನ್ನು ಇನ್‌ಸ್ಟಾಲ್‌ಗೆ ಮುಂಚೆ ನೋಡಿಕೊಳ್ಳಿ. ಅಪ್‌ಗ್ರೇಡ್ ಶುರುವಾಗುವ ಮೊದಲು ಯುನೊಹೋಸ್ಟ್ ತಾನೇ ಬ್ಯಾಕಪ್ ತೆಗೆದುಕೊಳ್ಳುತ್ತದೆ, ನಡುವೆ ಕೆಟ್ಟರೆ ಹಳೆಯ ಸ್ಥಿತಿಗೆ ತರಲು ನೋಡುತ್ತದೆ. ಮನೆಯವರಿಗೆ ಒಂದೇ ಲಾಗಿನ್‌ನಲ್ಲಿ ಬಹುಪಾಲು ಆ್ಯಪ್‌ಗಳು ತೆರೆದುಕೊಳ್ಳುತ್ತವೆ.

ಅದರ ದೌರ್ಬಲ್ಯವನ್ನೂ ಹೇಳಬೇಕು. ಆ್ಯಪ್‌ಗಳು ಡಾಕರ್ ಕಂಟೇನರ್‌ಗಳಲ್ಲಿ ಇರುವುದಿಲ್ಲ, ನೇರವಾಗಿ ಡೆಬಿಯನ್ ಮೇಲೆಯೇ ಇರುತ್ತವೆ. ಹಾಗಾಗಿ ಕಡಿಮೆ ಮೆಮೊರಿಯ ಯಂತ್ರದಲ್ಲೂ ಆರಾಮವಾಗಿ ಓಡುತ್ತದೆ, ಆದರೆ ಒಂದು ಆ್ಯಪ್ ಇನ್ನೊಂದರಿಂದ ಅಷ್ಟು ಬಿಗಿಯಾಗಿ ಬೇರ್ಪಟ್ಟಿರುವುದಿಲ್ಲ. ಡೆಬಿಯನ್‌ನ ಪ್ರಧಾನ ಆವೃತ್ತಿ ಬದಲಾಗುವಾಗ ಒಂದು ಇಡೀ ದಿನವನ್ನು ಅದಕ್ಕೇ ಮೀಸಲಿಡಿ. ಜನ ಕಡಿಮೆ ಬಳಸುವ ಆ್ಯಪ್‌ಗಳ ಪ್ಯಾಕೇಜ್ ತಿಂಗಳುಗಟ್ಟಲೆ ಹಿಂದೆ ಬೀಳುವುದೂ ಉಂಟು.

ಕ್ಲೌಡ್ರಾನ್‌ನಲ್ಲಿ ಪ್ಯಾಕೇಜ್ ಮಾಡುವುದು ಒಂದು ಕಂಪನಿ, ಅದಕ್ಕೆ ಸಂಬಳ ಕೊಡುವವರು ಚಂದಾದಾರರು. ಇದರ ಗುಣಮಟ್ಟ ನಿಜಕ್ಕೂ ಚೆನ್ನಾಗಿದೆ. ಉಬುಂಟು ಮೇಲೆ ಪ್ರತಿ ಆ್ಯಪ್ ಅದರದೇ ಕಂಟೇನರ್‌ನಲ್ಲಿ, ಅಪ್‌ಡೇಟ್‌ಗೆ ಮುಂಚೆ ಬ್ಯಾಕಪ್, ಒಂದು ಆ್ಯಪನ್ನು ಮಾತ್ರ ಹಿಂದಿನ ತಾರೀಕಿಗೆ ಒಯ್ಯುವ ಅಥವಾ ಅದರ ನಕಲು ಮಾಡುವ ಅನುಕೂಲ. ಉಚಿತವಾಗಿ ಎರಡು ಆ್ಯಪ್ ನಡೆಸಬಹುದು, ಅದರಾಚೆಗೆ ಹಣ. ಕೋಡ್ ಓದಲು ಸಿಗುತ್ತದೆಯಾದರೂ ವೇದಿಕೆಯ ಲೈಸೆನ್ಸ್ ಓಪನ್ ಸೋರ್ಸ್ ಅಲ್ಲ. ಇದನ್ನು ಮೋಸ ಎನ್ನಲಾರೆ. ಹಣ ಕೊಟ್ಟು ಕೆಲಸ ಮಾಡಿಸಿಕೊಳ್ಳುವುದು ನ್ಯಾಯವಾದ ವ್ಯವಹಾರವೇ. ಒಂದು ಸಂಸ್ಥೆಯ ದೈನಂದಿನ ಕೆಲಸ ಆ ಸರ್ವರ್ ಮೇಲೆ ನಿಂತಿದೆ ಎಂದು ನೀವು ಬರೆದಿದ್ದರೆ ನನ್ನ ಉತ್ತರ ಕ್ಲೌಡ್ರಾನ್ ಆಗಿರುತ್ತಿತ್ತು. ಆದರೆ ಸಮುದಾಯ ಎಂದು ನೀವು ಕೇಳಿದ ಅರ್ಥದಲ್ಲಿ ಅಲ್ಲಿರುವುದು ಗ್ರಾಹಕರ ಸಮುದಾಯ. ಕಂಪನಿ ಬಾಗಿಲು ಹಾಕಿದರೆ ಆ ಕೋಡನ್ನು ಎತ್ತಿಕೊಂಡು ಮುಂದೆ ನಡೆಸುವ ಹಕ್ಕು ನಿಮಗಿಲ್ಲ.

ಸ್ಯಾಂಡ್‌ಸ್ಟಾರ್ಮ್ ಬಗ್ಗೆ ಬರೆಯುವಾಗ ನನಗೆ ನೋವಾಗುತ್ತದೆ, ಏಕೆಂದರೆ ಇವೆಲ್ಲದರಲ್ಲಿ ಅತ್ಯಂತ ಸುಂದರವಾದ ಯೋಚನೆ ಅದರದ್ದೇ. 2014ರಲ್ಲಿ ಕೆಂಟನ್ ವಾರ್ಡಾ ಮತ್ತು ಜೇಡ್ ವಾಂಗ್ ಶುರು ಮಾಡಿದ್ದು. ಅಲ್ಲಿ ಬೇರ್ಪಡುವುದು ಆ್ಯಪ್ ಅಲ್ಲ, ಒಂದೊಂದು ದಾಖಲೆ. ಈಥರ್‌ಪ್ಯಾಡ್ ಎಂಬ ಬರೆಯುವ ಆ್ಯಪ್‌ನಲ್ಲಿ ಹತ್ತು ಟಿಪ್ಪಣಿ ಬರೆದರೆ ಹತ್ತು ‘ಗ್ರೇನ್’ಗಳು, ಪ್ರತಿಯೊಂದಕ್ಕೂ ಅದರದೇ ಗೋಡೆ. ಒಂದರಲ್ಲಿ ಭದ್ರತೆಯ ದೋಷವಿದ್ದರೂ ಪಕ್ಕದ್ದು ಕಾಣುವುದಿಲ್ಲ, ಯಾರೂ ಬಳಸದ ಗ್ರೇನ್ ತಾನೇ ಮಲಗಿ ಮೆಮೊರಿ ಬಿಟ್ಟುಕೊಡುತ್ತದೆ. ಆದರೆ ಈ ಚೌಕಟ್ಟಿಗೆ ಒಗ್ಗಲು ಪ್ರತಿ ಆ್ಯಪನ್ನೂ ಒಳಗಿನಿಂದ ತಿದ್ದಬೇಕಿತ್ತು: ಅದರ ಲಾಗಿನ್ ತೆಗೆಯಬೇಕು, ಹೊರಗಿನ ನೆಟ್‌ವರ್ಕ್‌ಗೆ ಹೋಗುವ ದಾರಿಗಳನ್ನು ಬದಲಿಸಬೇಕು. ಯುನೊಹೋಸ್ಟ್‌ನ ಬ್ಯಾಶ್ ಸ್ಕ್ರಿಪ್ಟ್ ತಿದ್ದುವಂತೆ ಒಂದು ಭಾನುವಾರ ಕೂತು ಮಾಡಿ ಮುಗಿಸುವ ಕೆಲಸವಲ್ಲ ಅದು. 2017ರಲ್ಲಿ ಕಂಪನಿಯಾಗಿ ನಡೆಯುವುದು ನಿಂತು, ತಂಡದ ಬಹುಪಾಲು ಜನ ಕ್ಲೌಡ್‌ಫ್ಲೇರ್ ಕಂಪನಿ ಸೇರಿದರು. ಆಮೇಲೆ ಯೋಜನೆ ಸಮುದಾಯದ ಕೈಗೆ ಬಂತು, ಕೋಡ್ ಅಪಾಚಿ ಲೈಸೆನ್ಸ್‌ನಲ್ಲಿ ಇಂದಿಗೂ ಇದೆ. ಆದರೆ ಅದರ ಆ್ಯಪ್‌ಗಳಲ್ಲಿ ಬಹಳಷ್ಟು ಹಳೆಯ ಆವೃತ್ತಿಯಲ್ಲೇ ನಿಂತಿವೆ. ಅದು ಬಳಸುವ, ವಾರ್ಡಾ ಅವರೇ ಬರೆದ ಕ್ಯಾಪ್ನ್ ಪ್ರೋಟೊ ಎಂಬ ಲೈಬ್ರರಿ ಮಾತ್ರ ಈಗ ಕ್ಲೌಡ್‌ಫ್ಲೇರ್ ವರ್ಕರ್ಸ್ ಸೇವೆಯ ಒಳಗೆ ಕೆಲಸ ಮಾಡುತ್ತಿದೆ. ಒಮ್ಮೆ ಇನ್‌ಸ್ಟಾಲ್ ಮಾಡಿ ನೋಡಿ, ಬಹಳ ಕಲಿಯುತ್ತೀರಿ. ಮನೆಯವರ ಫೋಟೊ ಅದರಲ್ಲಿ ಇಡಬೇಡಿ.

ಕೂಲಿಫೈ ಬೇರೆಯದೇ ಪ್ರಶ್ನೆಗೆ ಉತ್ತರ. ಅದು, ಡಾಕು, ಕ್ಯಾಪ್‌ರೋವರ್ ಇವು ಮೂಲತಃ ನೀವೇ ಬರೆದ ಕೋಡನ್ನು ಸರ್ವರ್‌ಗೆ ಏರಿಸಲು ಇರುವವು. ಡಾಕು 2013ರಲ್ಲಿ ನೂರು ಸಾಲಿನಷ್ಟು ಬ್ಯಾಶ್‌ನಲ್ಲಿ ಹುಟ್ಟಿದ್ದು, ಗಿಟ್ ಪುಶ್ ಮಾಡಿ ಕೋಡ್ ಕಳಿಸಿದರೆ ಆ್ಯಪ್ ಮೇಲೇಳುತ್ತದೆ. ಈಗಲೂ ಅಷ್ಟೇ ನೆಟ್ಟಗೆ ನಡೆಯುತ್ತಿದೆ. 2022ರ ನವೆಂಬರ್‌ನಲ್ಲಿ ಇಂಥದೇ ಕೆಲಸದ ಹೆರೋಕು ಎಂಬ ಕ್ಲೌಡ್ ಸೇವೆ ತನ್ನ ಉಚಿತ ಯೋಜನೆ ನಿಲ್ಲಿಸಿದ ಮೇಲೆ ಈ ಕಡೆಗೆ ತುಂಬಾ ಜನ ಬಂದರು. ಕೂಲಿಫೈನಲ್ಲೂ ಸಿದ್ಧ ಆ್ಯಪ್‌ಗಳ ಪಟ್ಟಿ ಇದೆ, ಆದರೆ ಅವು ಬಹುತೇಕ ಕಂಪೋಸ್ ಟೆಂಪ್ಲೇಟ್‌ಗಳು. ಹಾಕಿಕೊಡುವ ತನಕ ಅವರದು, ಮೇಲೆ ಹೇಳಿದ ಪೋಸ್ಟ್‌ಗ್ರೆಸ್ ತರಹದ ಪ್ರಸಂಗ ಬಂದಾಗ ಮತ್ತೆ ನಿಮ್ಮದೇ. ನೀವು ಡೆವಲಪರ್ ಆಗಿದ್ದರೆ ಕಣ್ಣು ಮುಚ್ಚಿ ಇವುಗಳಲ್ಲೊಂದನ್ನು ಹೇಳುತ್ತಿದ್ದೆ. ಮನೆ ಸರ್ವರ್‌ನ ಇನ್ನೊಂದು ವೇದಿಕೆಯಾದ ಫ್ರೀಡಂಬಾಕ್ಸ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೆಸರು ನೆನಪಿಡಿ: ಆ್ಯಪ್‌ಗಳು ಕಡಿಮೆ, ಆದರೆ ಹೆಚ್ಚಿನವು ನೇರವಾಗಿ ಡೆಬಿಯನ್ ಭಂಡಾರದಿಂದಲೇ ಬರುವುದರಿಂದ ಭದ್ರತಾ ಅಪ್‌ಡೇಟ್‌ಗಳ ಹಿಂದೆ ಇಡೀ ಡೆಬಿಯನ್ ನಿಂತಿರುತ್ತದೆ.

ಇನ್ನು ಸಮುದಾಯ ಗಟ್ಟಿಯೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಗಿಟ್‌ಹಬ್ ಪುಟದಲ್ಲಿ ಜನ ಮೆಚ್ಚಿ ಕೊಡುವ ನಕ್ಷತ್ರಗಳನ್ನು ಎಣಿಸಬೇಡಿ, ಅವು ಹೊಸತನಕ್ಕೆ ಬೀಳುವ ಚಪ್ಪಾಳೆ. ನಿಮಗೆ ಅತಿ ಮುಖ್ಯವಾದ ಒಂದು ಆ್ಯಪ್ ಆರಿಸಿ. ಅದರ ಮೂಲ ತಂಡ ಕಳೆದ ಬಾರಿ ಭದ್ರತಾ ಅಪ್‌ಡೇಟ್ ಬಿಟ್ಟ ತಾರೀಕು ನೋಡಿ, ವೇದಿಕೆಯ ಪ್ಯಾಕೇಜ್ ರೆಪೊದಲ್ಲಿ ಅದೇ ಆವೃತ್ತಿ ಬಂದ ತಾರೀಕು ನೋಡಿ. ನಡುವಿನ ಅಂತರ ದಿನಗಳಲ್ಲಿದೆಯೋ ತಿಂಗಳಲ್ಲಿದೆಯೋ? ಆಮೇಲೆ ಪುಲ್ ರಿಕ್ವೆಸ್ಟ್‌ಗಳನ್ನು (ಜನ ಕಳಿಸಿದ ತಿದ್ದುಪಡಿಗಳನ್ನು) ಒಪ್ಪಿಕೊಂಡವರ ಹೆಸರು ಓದಿ. ಎಲ್ಲ ಕಡೆ ಒಬ್ಬರೇ ಇದ್ದರೆ ಆ ಒಬ್ಬರಿಗೆ ಜ್ವರ ಬಂದ ವಾರ ಯೋಜನೆಗೂ ಜ್ವರ. ಹೊಸಬರು ಕಳಿಸಿದ ಸಣ್ಣ ತಿದ್ದುಪಡಿಗೆ ಏನು ಉತ್ತರ ಬಂದಿದೆ ಎಂದು ಓದುವುದು ನನಗೆ ತುಂಬ ಮುಖ್ಯ. ‘ಧನ್ಯವಾದ, ಈ ಸಾಲು ಹೀಗೆ ಬದಲಿಸಿ’ ಎಂದು ಯಾರೋ ಬರೆದಿದ್ದರೆ ಆ ಯೋಜನೆಗೆ ನಾಳೆಯ ಮೇಂಟೇನರ್‌ಗಳು ಸಿಗುತ್ತಾರೆ.

ಲೈಸೆನ್ಸ್ ಬಗ್ಗೆ ಜನ ಉದಾಸೀನ ಮಾಡುತ್ತಾರೆ, ಮಾಡಬಾರದು. 2016ರಲ್ಲಿ ಓನ್‌ಕ್ಲೌಡ್‌ನಿಂದ ನೆಕ್ಸ್ಟ್‌ಕ್ಲೌಡ್ ಕವಲೊಡೆದದ್ದು, 2018ರಲ್ಲಿ ‘ಎಂಬಿ’ ಎಂಬ ಮೀಡಿಯಾ ಸರ್ವರ್ ತನ್ನ ಕೋಡ್ ಮುಚ್ಚಿದಾಗ ಜೆಲ್ಲಿಫಿನ್ ಹುಟ್ಟಿದ್ದು, 2022ರಲ್ಲಿ ಗಿಟ್ ರೆಪೊಗಳನ್ನು ಇಡುವ ಗೀಟಿಯ ಹೆಸರು ಮತ್ತು ಡೊಮೈನ್ ಒಂದು ಕಂಪನಿಗೆ ಹೋದಾಗ ಫೋರ್ಜೆಜೊ ಬೇರೆಯಾದದ್ದು, ಮೂರೂ ಸಾಧ್ಯವಾದದ್ದು ಕೋಡ್ ಆಗಲೇ ಮುಕ್ತ ಲೈಸೆನ್ಸ್‌ನಲ್ಲಿ ಇದ್ದುದರಿಂದ. ಬಳಕೆದಾರರು ತಮ್ಮ ಡೇಟಾ ಸಮೇತ ಹೊಸ ಮನೆಗೆ ಹೋದರು. ಅಂಬ್ರೆಲ್ ಎಂಬ ಇನ್ನೊಂದು ವೇದಿಕೆ ನೋಡಲು ಬಲು ಚೆಂದ, ಆದರೆ ಅದರ ಲೈಸೆನ್ಸ್ ವಾಣಿಜ್ಯ ಬಳಕೆಯನ್ನು ತಡೆಯುತ್ತದೆ. ನಾಳೆ ಅದರಲ್ಲಿ ಹೀಗೆ ಕವಲೊಡೆಯುವ ಪರಿಸ್ಥಿತಿ ಬಂದರೆ ಕೈ ಕಟ್ಟಿರುತ್ತದೆ.

ನಿಮ್ಮ ಸರ್ವರ್ ವಿಷಯಕ್ಕೆ ಬಂದರೆ, ಮೊದಲು ಎರಡೇ ಆ್ಯಪ್ ಹಾಕಿ, ಗುಂಪಿನವರನ್ನು ಇನ್ನೂ ಕರೆಯಬೇಡಿ. ಬ್ಯಾಕಪ್ ತೆಗೆದು, ಅದನ್ನು ಬೇರೆ ಯಂತ್ರದಲ್ಲಿ ಹೊಸ ಯುನೊಹೋಸ್ಟ್ ಮೇಲೆ ರೀಸ್ಟೋರ್ ಮಾಡಿ, ಫೋಟೊಗಳೂ ವಿಕಿಯ ಪುಟಗಳೂ ತೆರೆಯುತ್ತವೆಯೇ ನೋಡಿ. ಅದು ಆದಮೇಲೆ ಬೋರ್ಗ್ ಅಥವಾ ರೆಸ್ಟಿಕ್ ಎಂಬ ಬ್ಯಾಕಪ್ ಸಾಧನದಿಂದ ಬ್ಯಾಕಪ್ ದಿನಾ ಸರ್ವರ್‌ನ ಹೊರಗೆ ಹೋಗುವಂತೆ ಮಾಡಿ, ಆಮೇಲೆ ಉಳಿದವರನ್ನು ಸೇರಿಸಿ. ಪಾಸ್‌ವರ್ಡ್‌ಗೆ ವಾಲ್ಟ್‌ವಾರ್ಡನ್ (ಬಿಟ್‌ವಾರ್ಡನ್ ಆ್ಯಪ್ ಜೊತೆ ಕೆಲಸ ಮಾಡುವ ಸರ್ವರ್) ಹಾಕಿದರೆ ಒಂದು ಸಮಾಧಾನ ಇದೆ: ಲಾಗಿನ್ ಆಗಿರುವ ಬಿಟ್‌ವಾರ್ಡನ್ ಆ್ಯಪ್ ಗೂಢಲಿಪಿಯಲ್ಲಿ ಒಂದು ಪ್ರತಿಯನ್ನು ಫೋನಿನಲ್ಲೇ ಇಟ್ಟುಕೊಳ್ಳುವುದರಿಂದ, ಸರ್ವರ್ ಬಿದ್ದಾಗಲೂ ಪಾಸ್‌ವರ್ಡ್ ಓದಬಹುದು.

ಮೇಲ್ ಸರ್ವರ್ ಯುನೊಹೋಸ್ಟ್ ಜೊತೆಗೇ ಬರುತ್ತದೆ, ಮೇಲ್ ಪಡೆಯುವುದು ಸುಲಭ. ಕಳಿಸುವುದೇ ಕಷ್ಟ. ಹಲವು ಸರ್ವರ್ ಕಂಪನಿಗಳು ಮೇಲ್ ಹೊರಗೆ ಹೋಗುವ 25ನೇ ಪೋರ್ಟ್ ಮುಚ್ಚಿಟ್ಟಿರುತ್ತವೆ. ತೆರೆದಿದ್ದರೂ ಮೇಲ್ ನಿಜಕ್ಕೂ ನಿಮ್ಮಿಂದಲೇ ಬಂದದ್ದೆಂದು ತೋರಿಸುವ ರಿವರ್ಸ್ ಡಿಎನ್‌ಎಸ್, ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಲ್ಲ ಸರಿಯಿರಬೇಕು, 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಇದನ್ನು ಇನ್ನಷ್ಟು ಬಿಗಿ ಮಾಡಿವೆ. ನಿಮ್ಮ ಐಪಿ ವಿಳಾಸವನ್ನು ಹಿಂದೆ ಬಳಸಿದವರು ಸ್ಪ್ಯಾಮ್ ಕಳಿಸಿದ್ದರೆ ಅದರ ಫಲವೂ ನಿಮಗೇ. ಆ್ಯಪ್‌ಗಳ ಸೂಚನೆ ಕಳಿಸಲು ಒಂದು ಎಸ್‌ಎಂಟಿಪಿ ರಿಲೇ (ನಿಮ್ಮ ಪರವಾಗಿ ಮೇಲ್ ಕಳಿಸುವ ಸೇವೆ) ಸಾಕು, ಮನೆಯವರ ಮೇಲ್ ಸದ್ಯಕ್ಕೆ ಇರುವಲ್ಲೇ ಇರಲಿ. ಮುಂದೆಂದಾದರೂ ಮೇಲನ್ನೂ ಇಲ್ಲಿಗೆ ತಂದರೆ, ಡೊಮೈನ್ ಕೊಂಡ ಕಡೆ ಮತ್ತು ಸರ್ವರ್ ಬಾಡಿಗೆಗೆ ಪಡೆದ ಕಡೆ ಕೊಟ್ಟಿರುವ ಇಮೇಲ್ ವಿಳಾಸವನ್ನು ಮಾತ್ರ ಹೊರಗೇ ಇಡಿ. ಸರ್ವರ್ ನಿಂತ ದಿನ ಪಾಸ್‌ವರ್ಡ್ ರೀಸೆಟ್ ಮಾಡುವ ಲಿಂಕ್ ಅದೇ ಸರ್ವರ್‌ಗೆ ಬರಬಾರದು.