ಗುಂಡಿ, ಸೇತುವೆ, ಸಿಗ್ನಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಬೀದಿಯ ಒಂದೇ ಗುಂಡಿಯನ್ನು ಒಂದು ವರ್ಷದಲ್ಲಿ ಮೂರು ಸಲ ಮುಚ್ಚಿದ್ದಾರೆ. ನಾಲ್ಕು ದಿನ ಮಳೆ ಹಿಡಿದರೆ ಅದೇ ಜಾಗ ಮತ್ತೆ ಬಾಯಿ ಬಿಡುತ್ತದೆ. ಹಾಕುವ ಡಾಂಬರು ಅಷ್ಟು ಕಳಪೆಯೇ?

ಉತ್ತರ: ಡಾಂಬರನ್ನು ಬೈಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಮಳೆ ನಿಂತು ಎರಡು ದಿನ ಬಿಸಿಲು ಕಾದ ಮೇಲೂ ಗುಂಡಿಯ ತಳ ಒದ್ದೆಯಾಗಿದ್ದರೆ ಬಹುಮಟ್ಟಿಗೆ ಕೆಳಗೆ ಪೈಪು ಸೋರುತ್ತಿರುತ್ತದೆ, ಇಲ್ಲವೇ ಪಕ್ಕದ ಚರಂಡಿ ಕಟ್ಟಿಕೊಂಡು ನೀರು ರಸ್ತೆಯ ಅಡಿಗೆ ಜಿನುಗುತ್ತಿರುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ನೀರು ಇಳಿದು ಡಾಂಬರಿನ ಕೆಳಗಿನ ಜಲ್ಲಿ ಹಾಸನ್ನು ನೆನೆಸುತ್ತದೆ. ಮೇಲೆ ಗಾಲಿ ಹಾದಾಗಲೆಲ್ಲ ಆ ನೀರು ಒತ್ತಡಕ್ಕೆ ಸಿಕ್ಕಿ, ನುಣ್ಣನೆಯ ಮಣ್ಣನ್ನು ಹೊತ್ತುಕೊಂಡು ಬಿರುಕಿನಿಂದಲೇ ಮೇಲಕ್ಕೆ ಚಿಮ್ಮುತ್ತದೆ. ಬಿರುಕಿನ ಅಂಚಿನಲ್ಲಿ ಬೂದು ಬಣ್ಣದ ತೆಳು ಕೆಸರು ಒಣಗಿ ಅಂಟಿಕೊಂಡಿದ್ದರೆ ಒಳಗೆ ಟೊಳ್ಳಾಗುತ್ತಿದೆ ಎಂದೇ ಅರ್ಥ. ಅಂಥ ಕಡೆ ಮೇಲೆ ಎಷ್ಟು ಒಳ್ಳೆಯ ಡಾಂಬರು ಸುರಿದರೂ ಅದು ನಿಲ್ಲುವುದಿಲ್ಲ.

ನೀರಿನ ದಾರಿ ಮುಚ್ಚಿದ ಮೇಲೆ ದುರಸ್ತಿ ಹೀಗಿರಬೇಕು. ಗುಂಡಿಯ ಸುತ್ತ ಗಟ್ಟಿ ಡಾಂಬರು ಸಿಗುವ ತನಕ ಚೌಕಾಕಾರವಾಗಿ ಕತ್ತರಿಸಬೇಕು, ಅಂಚುಗಳು ಗೋಡೆಯ ಹಾಗೆ ನೇರವಾಗಿ ಇಳಿಯಬೇಕು. ತಟ್ಟೆಯ ಅಂಚಿನಂತೆ ಇಳಿಜಾರಾಗಿ ಬಿಟ್ಟರೆ ಹೊಸ ಡಾಂಬರು ಅಂಚಿನಲ್ಲಿ ತೆಳುವಾಗಿ, ಗಾಲಿಯ ಹೊಡೆತಕ್ಕೆ ಮೊದಲು ಅದೇ ಕಿತ್ತು ಬರುತ್ತದೆ. ಸಡಿಲ ಜಲ್ಲಿ, ಮಣ್ಣು, ನೀರು ಎಲ್ಲವನ್ನೂ ತೆಗೆದು ತಳವನ್ನು ದಮ್ಮಸ್ಸು ಮಾಡಿ, ತಳಕ್ಕೂ ನಾಲ್ಕೂ ಅಂಚುಗಳಿಗೂ ಎಮಲ್ಷನ್ (ನೀರಿನಲ್ಲಿ ಕದಡಿದ ತೆಳು ಡಾಂಬರು) ಬಳಿಯಬೇಕು. ಚದರ ಮೀಟರಿಗೆ 0.2ರಿಂದ 0.3 ಕೆ.ಜಿ. ಸಾಕು. ಬಳಿದಾಗ ಅದು ಕಂದು ಬಣ್ಣಕ್ಕಿರುತ್ತದೆ. ನೀರಿನಂಶ ಬಿಟ್ಟುಕೊಟ್ಟು ಕಪ್ಪಗಾದ ಮೇಲೆಯೇ ಡಾಂಬರು ಮಿಶ್ರಣ ಹಾಕಬೇಕು. ಈ ಹತ್ತಿಪ್ಪತ್ತು ನಿಮಿಷ ಕಾಯದೆ ಕೆಡುವ ದುರಸ್ತಿಗಳು ಬಹಳ.

ಬಿಸಿ ಮಿಶ್ರಣವನ್ನು ಒಂದು ಸಲಕ್ಕೆ 75 ಮಿ.ಮೀ.ಗಿಂತ ದಪ್ಪ ಪದರವಾಗಿ ಹಾಕಬಾರದು. ಅಂಚಿನಿಂದ ನಡುವಿಗೆ ಒತ್ತುತ್ತ ಬರಬೇಕು, ಶಾಖ 90 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿಯಬೇಕು. ಮುಗಿದಾಗ ತೇಪೆ ಸುತ್ತಲಿನ ರಸ್ತೆಗಿಂತ 3ರಿಂದ 6 ಮಿ.ಮೀ. ಎತ್ತರವಿರಲಿ, ವಾಹನಗಳು ಓಡಾಡಿದಂತೆ ಸಮಕ್ಕೆ ಬರುತ್ತದೆ. ಒಂದು ಲೆಕ್ಕ ಕೊಡುತ್ತೇವೆ: 80 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 7 ಸೆಂ.ಮೀ. ಆಳದ ಗುಂಡಿಗೆ ಸುಮಾರು 77 ಕೆ.ಜಿ. ಮಿಶ್ರಣ ಬೇಕು. ಎರಡು ಬಾಣಲೆ ಸುರಿದು ಗುದ್ದಲಿಯ ಬೆನ್ನಿನಿಂದ ತಟ್ಟಿ ಹೋದರೆ ನಾಲ್ಕನೆಯ ಸಲವೂ ಅವರೇ ಬರಬೇಕಾಗುತ್ತದೆ.

ಪ್ರಶ್ನೆ: ಪೈಪ್‌ಲೈನಿಗಾಗಿ ರಸ್ತೆ ಅಗೆದು ಮುಚ್ಚಿದ ಜಾಗವೆಲ್ಲ ಆರು ತಿಂಗಳಲ್ಲಿ ಉದ್ದಕ್ಕೂ ಕುಸಿದಿದೆ. ಇದಕ್ಕೇನು ಕಾರಣ?

ಉತ್ತರ: ಅಗೆದ ಮಣ್ಣನ್ನು ಒಂದೇ ಸಲಕ್ಕೆ ತಳ್ಳಿ ಮೇಲೆ ಮಾತ್ರ ರೋಲರ್ ಓಡಿಸಿದ್ದಾರೆ. ರೋಲರಿನ ಒತ್ತು ಮೇಲಿನ ಪದರಕ್ಕಷ್ಟೇ ಮುಟ್ಟುತ್ತದೆ, ಒಂದೂವರೆ ಮೀಟರ್ ಆಳಕ್ಕೆ ಮುಟ್ಟುವುದಿಲ್ಲ. ಸುಮಾರು 150 ಮಿ.ಮೀ. ಪದರಗಳಲ್ಲಿ ತುಂಬಿ, ಹದವಾದ ತೇವದಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ದಮ್ಮಸ್ಸು ಮಾಡಬೇಕು. ಜೊತೆಗೆ, ಕಾಲುವೆ ಅಗೆದಾಗ ಎರಡೂ ಬದಿಯ ಮಣ್ಣು ಸಡಿಲಗೊಂಡಿರುತ್ತದೆ. ಹಾಗಾಗಿ ಮೇಲಿನ ಡಾಂಬರನ್ನು ಕಾಲುವೆಯ ಅಗಲಕ್ಕಷ್ಟೇ ಹಾಕದೆ ಎರಡೂ ಕಡೆ 150ರಿಂದ 300 ಮಿ.ಮೀ. ಹೆಚ್ಚಿಗೆ ಕತ್ತರಿಸಿ, ಗಟ್ಟಿ ನೆಲದ ಮೇಲೆ ಕೂರುವಂತೆ ಹಾಸಬೇಕು.

ಪ್ರಶ್ನೆ: ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಎತ್ತರವಾಗುತ್ತ ಹೋಗಿ ಈಗ ಮಳೆ ನೀರು ಮನೆಗಳ ಕಡೆ ಹರಿಯುತ್ತಿದೆ. ತಡೆಯಲು ದಾರಿಯಿಲ್ಲವೇ?

ಉತ್ತರ: ಇದೆ, ಹಳೆಯ ಪದರವನ್ನು ಕೆರೆದು ತೆಗೆದು ಅಷ್ಟೇ ದಪ್ಪದ ಹೊಸ ಪದರ ಹಾಕುವುದು. ಮಿಲ್ಲಿಂಗ್ ಯಂತ್ರ ಇದಕ್ಕೆಂದೇ ಇದೆ, ಕೆರೆದದ್ದನ್ನು ಮತ್ತೆ ಮಿಶ್ರಣಕ್ಕೆ ಬಳಸಬಹುದು. ಪಾದಚಾರಿ ಮಾರ್ಗದ ಅಂಚುಕಲ್ಲು 15 ಸೆಂ.ಮೀ. ಎತ್ತರವಿದ್ದು, ಕೆರೆಯದೆ 4 ಸೆಂ.ಮೀ.ನ ಮೂರು ಪದರ ಹಾಕಿದರೆ ಉಳಿಯುವುದು 3 ಸೆಂ.ಮೀ. ಆಮೇಲೆ ಅದು ನೀರನ್ನೂ ತಡೆಯದು, ವಾಹನವನ್ನೂ ತಡೆಯದು. ಚರಂಡಿಗೆ ನೀರು ಬೀಳುವ ಕಿಂಡಿಗಳು ಹೂತುಹೋಗುತ್ತವೆ, ಮ್ಯಾನ್‌ಹೋಲ್ ಮುಚ್ಚಳಗಳು ತಗ್ಗಾಗಿ ಹೊಸ ಗುಂಡಿಗಳಾಗುತ್ತವೆ.

ಕೆಲಸ ಮುಗಿದ ದಿನವೇ ಇಳಿಜಾರು ಅಳೆಸಿ. ಡಾಂಬರು ರಸ್ತೆಗೆ ನಡುವಿನಿಂದ ಅಂಚಿಗೆ ಶೇ. 2ರಿಂದ 2.5 ಇಳಿಜಾರು ಬೇಕು. ಅಂದರೆ 7 ಮೀಟರ್ ಅಗಲದ ರಸ್ತೆಯ ನಡುಬೆನ್ನು ಅಂಚಿಗಿಂತ 7ರಿಂದ 9 ಸೆಂ.ಮೀ. ಎತ್ತರವಿರಬೇಕು. ಒಂದು ದಾರ, ನೀರುಮಟ್ಟದ ಕೊಳವೆ, ಅಳತೆಪಟ್ಟಿ ಇದ್ದರೆ ಯಾರು ಬೇಕಾದರೂ ನೋಡಬಹುದು.

ಪ್ರಶ್ನೆ: ಭಾರದ ಲಾರಿಗಳಿಂದ ರಸ್ತೆ ಹಾಳಾಗುತ್ತದೆ ಎನ್ನುತ್ತಾರೆ. ಕಾರುಗಳ ಸಂಖ್ಯೆಯೇ ಹೆಚ್ಚಲ್ಲವೇ?

ಉತ್ತರ: ಸಂಖ್ಯೆ ಇಲ್ಲಿ ದೊಡ್ಡದಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರ ತನಕ ಪರೀಕ್ಷಾ ರಸ್ತೆಗಳ ಮೇಲೆ ಹಗಲಿರುಳು ಲಾರಿ ಓಡಿಸಿ ನೋಡಿದಾಗ, ಹಾನಿಯು ಹೆಚ್ಚುಕಡಿಮೆ ಅಚ್ಚಿನ (ಆಕ್ಸಲ್) ಭಾರದ ನಾಲ್ಕನೆಯ ಘಾತದಂತೆ ಏರುತ್ತದೆಂದು ಕಂಡುಬಂತು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಮಿತಿಗಿಂತ ಶೇ. 20 ಹೆಚ್ಚು ಹೇರಿದರೂ ಹಾನಿ ಎರಡು ಪಟ್ಟಾಗುತ್ತದೆ. ಬಡಾವಣೆಯ ಒಳರಸ್ತೆಗೆ ಕಟ್ಟಡ ಸಾಮಗ್ರಿಯ ಲಾರಿಗಳನ್ನು ಬಿಡುವ ಮುನ್ನ ಸ್ಥಳೀಯ ಸಂಸ್ಥೆ ಈ ಲೆಕ್ಕ ಹಾಕಲೇಬೇಕು.

ಪ್ರಶ್ನೆ: ನಮ್ಮ ಊರಿನ ಹಳೆಯ ಸೇತುವೆಗೆ ಬಣ್ಣ ಬಳಿದು, ಮೇಲೆ ಹೊಸ ಡಾಂಬರು ಹಾಕಿದ್ದಾರೆ. ಈಗ ಅದು ಸುರಕ್ಷಿತವೇ? ನಾವು ಏನನ್ನು ಗಮನಿಸಬಹುದು?

ಉತ್ತರ: ಬಣ್ಣ ಮತ್ತು ಡಾಂಬರಿನಿಂದ ಸೇತುವೆಯ ಬಲ ಒಂದಿಷ್ಟೂ ಹೆಚ್ಚುವುದಿಲ್ಲ. ಬದಲಿಗೆ 30 ಮೀಟರ್ ಉದ್ದ, ಏಳೂವರೆ ಮೀಟರ್ ಅಗಲದ ಸೇತುವೆಯ ಮೇಲೆ 5 ಸೆಂ.ಮೀ. ಡಾಂಬರು ಹೆಚ್ಚಿಗೆ ಹಾಕಿದರೆ ಸುಮಾರು 26 ಟನ್ ಹೊರೆ ಕಾಯಂ ಆಗಿ ಅದರ ಬೆನ್ನೇರುತ್ತದೆ. ಹಳೆಯದನ್ನು ತೆಗೆಯದೆ ಹಾಕಿದ್ದರೆ ಮೊದಲು ಅದನ್ನು ಪ್ರಶ್ನಿಸಿ.

ಎರಡನೆಯದಾಗಿ ಎಕ್ಸ್‌ಪಾನ್ಷನ್ ಜಾಯಿಂಟ್ ನೋಡಿ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಲು ಬಿಟ್ಟ ಸಂದಿ ಅದು. 30 ಮೀಟರಿನ ಕಾಂಕ್ರೀಟ್ ತೊಲೆ 40 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 13 ಮಿ.ಮೀ. ಸರಿದಾಡುತ್ತದೆ. ಆ ಸಂದಿಯ ಮೇಲೆ ಡಾಂಬರು ಎಳೆದರೆ ಬೇಗನೆ ಅಡ್ಡಕ್ಕೆ ಸೀಳುತ್ತದೆ, ಸೀಳಿನಿಂದ ನೀರು ನೇರವಾಗಿ ತೊಲೆಯ ತುದಿಗೂ ಅದು ಕೂತಿರುವ ಬೇರಿಂಗಿಗೂ ಇಳಿಯುತ್ತದೆ. ಸೇತುವೆಗಳಲ್ಲಿ ಕಬ್ಬಿಣ ಮೊದಲು ತುಕ್ಕು ಹಿಡಿಯುವುದು ಹೆಚ್ಚಾಗಿ ಇಲ್ಲೇ. ತುಕ್ಕಾದ ಕಬ್ಬಿಣ ಊದಿಕೊಂಡು ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಕಾಂಕ್ರೀಟು ಕಣಕಣ ಎನ್ನುತ್ತದೆ, ಪದರ ಬಿಟ್ಟಿರುವ ಕಡೆ ಡಬಡಬ ಎಂಬ ಟೊಳ್ಳು ಸದ್ದು ಬರುತ್ತದೆ. ಎಂಜಿನಿಯರುಗಳು ಇಂದಿಗೂ ಮೊದಲು ಮಾಡುವ ಪರೀಕ್ಷೆ ಇದೇ. ನೀರು ಹೊರಗೆ ಬೀಳುವ ಕೊಳವೆಗಳು ಕಸ ಕಟ್ಟಿಕೊಂಡಿವೆಯೇ, ಕಲ್ಲಿನ ಸಂದಿಯಲ್ಲಿ ಗಿಡ ಹುಟ್ಟಿದೆಯೇ ಎಂಬುದನ್ನು ದಡದಲ್ಲಿ ನಿಂತೇ ನೋಡಬಹುದು. ಒಂದು ಗುದ್ದಲಿ, ಒಂದು ಬುಟ್ಟಿ, ವರ್ಷಕ್ಕೆರಡು ದಿನ. ಇಷ್ಟರಲ್ಲಿ ಆಗುವ ಕೆಲಸವನ್ನು ಬಿಟ್ಟು ಬೇರಿಂಗ್ ಬದಲಿಸುವ ತನಕ ಎಳೆಯುವುದು ನೋಡಿದರೆ ಸಂಕಟವಾಗುತ್ತದೆ.

ಆದರೆ ಸೇತುವೆಯ ದೊಡ್ಡ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಪ್ರವಾಹದಲ್ಲಿ ಕಂಬದ ಬುಡಕ್ಕೆ ಬಡಿದ ನೀರು ಸುಳಿಯಾಗಿ ತಿರುಗಿ ಪಾಯದ ಸುತ್ತಲಿನ ಮಣ್ಣನ್ನು ಕೊರೆಯುತ್ತದೆ. ಕೊರೆತ ಅತ್ಯಂತ ಆಳವಾಗಿರುವುದು ನೆರೆ ಉಕ್ಕಿ ನಿಂತಾಗ. ನೆರೆ ಇಳಿಯುತ್ತಿದ್ದಂತೆ ಅದೇ ಹಳ್ಳಕ್ಕೆ ಸಡಿಲ ಮರಳು, ಹೂಳು ಬಂದು ತುಂಬುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿದವರಿಗೆ ನೆಲ ಸಮವಾಗಿಯೇ ಕಾಣುತ್ತದೆ, ಪಾಯಕ್ಕೆ ಆಧಾರವೇ ಇರುವುದಿಲ್ಲ. ಅದಕ್ಕೇ ಕಂಬದ ಬುಡದಲ್ಲಿ ಉಕ್ಕಿನ ಸರಳು ಚುಚ್ಚಿ ನೋಡಬೇಕು. ಸಲೀಸಾಗಿ ಇಳಿದಷ್ಟೂ ಆಳ ಕೊರೆತ ತುಂಬಿದ ಹೂಳು. ಆ ಅಳತೆಯನ್ನು ಮೂಲ ನಕ್ಷೆಯಲ್ಲಿರುವ ಪಾಯದ ಮಟ್ಟದೊಂದಿಗೆ ಹೋಲಿಸಬೇಕು. 1987ರ ಏಪ್ರಿಲ್ 5ರಂದು ನ್ಯೂಯಾರ್ಕ್ ರಾಜ್ಯದ ಸ್ಕೊಹೇರಿ ಹೊಳೆಯ ಸೇತುವೆ ಬಿದ್ದು ಹತ್ತು ಮಂದಿ ಸತ್ತದ್ದು ಈ ಕೊರೆತದಿಂದಲೇ. ಸೇತುವೆಯ ಹತ್ತಿರದಲ್ಲಿ ಮರಳು ತೆಗೆದರೆ ನದಿಯ ತಳವೇ ತಗ್ಗಿ ಪಾಯ ಇನ್ನೂ ಬೇಗ ಹೊರಬೀಳುತ್ತದೆ.

ತಪಾಸಣೆಗೆ ಗಡುವು ಕೇಳಿ. ಅಮೆರಿಕದಲ್ಲಿ 1967ರ ಡಿಸೆಂಬರ್ 15ರಂದು ಓಹಾಯೋ ನದಿಯ ಸಿಲ್ವರ್ ಬ್ರಿಜ್ ಕುಸಿದು 46 ಜನ ಸತ್ತ ಮೇಲೆ ಎರಡು ವರ್ಷಕ್ಕೊಮ್ಮೆ ತಪಾಸಣೆ ಎಂಬ ರಾಷ್ಟ್ರೀಯ ನಿಯಮ ಬಂತು. ಬ್ರಿಟನ್ನಿನಲ್ಲಿ ಎರಡು ವರ್ಷಕ್ಕೊಮ್ಮೆ ಸಾಮಾನ್ಯ ತಪಾಸಣೆ, ಆರು ವರ್ಷಕ್ಕೊಮ್ಮೆ ಪ್ರತಿ ಭಾಗವನ್ನೂ ಕೈಗೆಟುಕುವಷ್ಟು ಹತ್ತಿರದಿಂದ ನೋಡುವ ಪೂರ್ಣ ತಪಾಸಣೆ ರೂಢಿಯಲ್ಲಿದೆ. ದೊಡ್ಡ ನೆರೆ ಬಂದು ಹೋದರೆ ಗಡುವಿಗೆ ಕಾಯದೆ ಕೂಡಲೇ ನೋಡಬೇಕು.

ಪ್ರಶ್ನೆ: ರಸ್ತೆಗೆ ಹೊಸ ಡಾಂಬರು ಬಿದ್ದಂದಿನಿಂದ ನಮ್ಮ ಚೌಕದ ಸಿಗ್ನಲ್ ಹದಗೆಟ್ಟಿದೆ. ಖಾಲಿ ಅಡ್ಡರಸ್ತೆಗೆ ಹಸಿರು ಉರಿಯುತ್ತಲೇ ಇರುತ್ತದೆ, ಮುಖ್ಯ ರಸ್ತೆಯಲ್ಲಿ ಸಾಲು ಬೆಳೆಯುತ್ತದೆ. ಡಾಂಬರಿಗೂ ಸಿಗ್ನಲ್‌ಗೂ ಏನು ಸಂಬಂಧ?

ಉತ್ತರ: ನೇರ ಸಂಬಂಧವಿದೆ. ಹಲವು ಸಿಗ್ನಲ್‌ಗಳಲ್ಲಿ ವಾಹನ ಬಂದದ್ದನ್ನು ತಿಳಿಯುವುದು ರಸ್ತೆಯಲ್ಲೇ ಹುದುಗಿಸಿದ ತಂತಿಯ ಸುರುಳಿ. ನಿಲುಗಡೆ ಗೆರೆಯ ಹತ್ತಿರ ರಸ್ತೆಯ ಮೇಲೆ ಚೌಕಾಕಾರದ ಕಪ್ಪು ಗೀರು ಕಂಡಿರಬಹುದು. ಗರಗಸದಿಂದ ಕೊಯ್ದು, ತಂತಿ ಇಟ್ಟು, ಮೇಣದಂಥ ಪದಾರ್ಥದಿಂದ ಮುಚ್ಚಿದ ಗೆರೆ ಅದು. ಮಿಲ್ಲಿಂಗ್ ಯಂತ್ರ ಹಾದಾಗ ತಂತಿ ತುಂಡಾಗುತ್ತದೆ. ಸುರುಳಿ ಕೆಟ್ಟರೆ ವಾಹನಗಳು ಕಾಯುತ್ತಲೇ ಉಳಿಯಬಾರದೆಂದು ನಿಯಂತ್ರಣ ಪೆಟ್ಟಿಗೆ ಆ ದಿಕ್ಕಿನಲ್ಲಿ ಸದಾ ವಾಹನವಿದೆ ಎಂದೇ ಭಾವಿಸುತ್ತದೆ. ಹಾಗಾಗಿ ಖಾಲಿ ರಸ್ತೆಗೂ ಪ್ರತಿ ಸುತ್ತಿನಲ್ಲೂ ಗರಿಷ್ಠ ಹಸಿರು ಸಿಗುತ್ತದೆ. ರಾತ್ರಿ ಹನ್ನೊಂದರ ಮೇಲೆ ಹತ್ತು ಸುತ್ತು ಗಡಿಯಾರ ಹಿಡಿದು ನೋಡಿ. ಯಾರೂ ಇಲ್ಲದಿದ್ದರೂ ಅಡ್ಡರಸ್ತೆಗೆ ಪ್ರತಿ ಸಲ ಅಷ್ಟೇ ಸೆಕೆಂಡು ಹಸಿರು ಬಿದ್ದರೆ, ದಿನಾಂಕ, ವೇಳೆ, ಸೆಕೆಂಡುಗಳನ್ನು ಬರೆದು ಕೊಡಿ. ಹೊಸ ಡಾಂಬರಿನ ಟೆಂಡರಿನಲ್ಲೇ ಸುರುಳಿ ಮರುಜೋಡಣೆಯನ್ನು ಸೇರಿಸುವುದು ಒಂದು ಸಾಲಿನ ಕೆಲಸ. ರಸ್ತೆ ವಿಭಾಗ, ಸಿಗ್ನಲ್ ವಿಭಾಗ ಬೇರೆಬೇರೆ ಇರುವ ಕಡೆ ಆ ಸಾಲೇ ಬಿಟ್ಟುಹೋಗುತ್ತದೆ.

ಹಸಿರಿನ ಸಮಯ ಹೆಚ್ಚಿಸಿ ಎಂದು ಸುಮ್ಮನೆ ಕೇಳಬೇಡಿ. ಒಂದು ಸುತ್ತು ಎಷ್ಟು ಸೆಕೆಂಡಿರಬೇಕೆಂದು ತಿಳಿಯಲು 1958ರಲ್ಲಿ ಬ್ರಿಟನ್ನಿನ ಸಂಚಾರ ಸಂಶೋಧಕ ವೆಬ್‌ಸ್ಟರ್ ಕೊಟ್ಟ ಸೂತ್ರವನ್ನು ಇಂದಿಗೂ ಬಳಸುತ್ತಾರೆ. ಒಂದು ಸುತ್ತಿನಲ್ಲಿ ದೀಪ ಬದಲಾಗುವಾಗ ವ್ಯರ್ಥವಾಗುವ ಸೆಕೆಂಡುಗಳನ್ನು ಒಂದೂವರೆಯಿಂದ ಗುಣಿಸಿ 5 ಕೂಡಿಸಿ. ಪ್ರತಿ ಹಂತದ (ಒಟ್ಟಿಗೆ ಹಸಿರು ಸಿಗುವ ದಿಕ್ಕುಗಳ ಗುಂಪಿನ) ಅತಿ ದಟ್ಟ ದಿಕ್ಕಿನಲ್ಲಿ ಬರುವ ವಾಹನಗಳು ಆ ರಸ್ತೆಯ ಸಾಮರ್ಥ್ಯದ ಎಷ್ಟು ಪಾಲು ಎಂದು ತೆಗೆದು, ಅವುಗಳ ಮೊತ್ತವನ್ನು ಒಂದರಿಂದ ಕಳೆದು, ಉಳಿದದ್ದರಿಂದ ಭಾಗಿಸಿ. ವ್ಯರ್ಥ ಸಮಯ 10 ಸೆಕೆಂಡು, ಮೊತ್ತ 0.65 ಇದ್ದರೆ ಸುತ್ತು 57 ಸೆಕೆಂಡು. ಮೊತ್ತ 0.8 ಆದರೆ 100, 0.9 ಆದರೆ 200. ಅಷ್ಟು ದಟ್ಟಣೆಯಲ್ಲಿ ಸಮಯ ಎಳೆದು ಪ್ರಯೋಜನವಿಲ್ಲ. ತಿರುವಿಗೆ ಬೇರೆ ಪಥ ಕೊಡಬೇಕು, ಇಲ್ಲವೇ ಒಂದು ಹಂತವನ್ನೇ ತೆಗೆಯಬೇಕು.

ಪಾದಚಾರಿಗಳ ಹಸಿರನ್ನೂ ಅಳೆಯಿರಿ. 14 ಮೀಟರ್ ರಸ್ತೆ ದಾಟಲು ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ 12 ಸೆಕೆಂಡು ಬೇಕು, 0.9 ಮೀಟರ್ ನಡೆಯುವ ವೃದ್ಧರಿಗೆ ಹದಿನೈದೂವರೆ. ಶಾಲೆ, ಆಸ್ಪತ್ರೆ ಇರುವ ಕಡೆ ಎರಡನೆಯ ಲೆಕ್ಕವನ್ನೇ ಹಿಡಿಯಬೇಕು. ಇದರಲ್ಲಿ ರಾಜಿ ಸಲ್ಲದು.

ಪ್ರಶ್ನೆ: ರಸ್ತೆ ಉಬ್ಬು ಎಷ್ಟು ಎತ್ತರವಿರಬೇಕು?

ಉತ್ತರ: ಗಂಟೆಗೆ 25 ಕಿ.ಮೀ. ವೇಗಕ್ಕೆ ಇಳಿಸಲು 10 ಸೆಂ.ಮೀ. ಎತ್ತರ, ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ಸುಮಾರು 17 ಮೀಟರ್ ತ್ರಿಜ್ಯದ ಕಮಾನು. ಅರ್ಧ ಮೀಟರಿನೊಳಗೆ ಗುಡ್ಡೆ ಕಟ್ಟಿದ ಉಬ್ಬು ವೇಗ ತಗ್ಗಿಸುವ ಬದಲು ಬೆನ್ನುಮೂಳೆ ಮುರಿಯುತ್ತದೆ. ಬಣ್ಣ, ಮುನ್ಸೂಚನೆ ಫಲಕ, ಚರಂಡಿ ಕಡೆ ನೀರು ಹರಿಯಲು ಸಂದಿ ಇವು ಮೂರೂ ಬೇಕು. ಸಂದಿ ಇಲ್ಲದಿದ್ದರೆ ಉಬ್ಬಿನ ಹಿಂದೆ ನೀರು ನಿಂತು ಗುಂಡಿ ಬೀಳುತ್ತದೆ.

ಪ್ರಶ್ನೆ: ನಾನು ವಾರ್ಡ್ ಸಮಿತಿಯ ಸದಸ್ಯೆ. ಕಾಮಗಾರಿ ಮುಗಿದಾಗ ಯಾವ ಕಾಗದ ಕೇಳಬೇಕು?

ಉತ್ತರ: ಮೊದಲು ದೋಷ ಹೊಣೆಗಾರಿಕೆ ಅವಧಿ ಯಾವ ದಿನ ಮುಗಿಯುತ್ತದೆ ಎಂದು ಬರಹದಲ್ಲಿ ಪಡೆಯಿರಿ. ಆ ಅವಧಿಯೊಳಗಿನ ದುರಸ್ತಿ ಗುತ್ತಿಗೆದಾರರದು, ಸಾರ್ವಜನಿಕರ ಹಣದಿಂದ ಅಲ್ಲ. ಅವಧಿ ಮುಗಿಯುವ ಎರಡು ತಿಂಗಳ ಮುಂಚೆ ರಸ್ತೆಯುದ್ದಕ್ಕೂ ನಡೆದು ಬಿರುಕು, ತಗ್ಗುಗಳ ಪಟ್ಟಿ ಮಾಡಿ ಕೊಡಿ. ಹತ್ತಿರದ ಬೀದಿದೀಪದ ಕಂಬದ ಸಂಖ್ಯೆ ಬರೆದರೆ ಜಾಗದ ಬಗ್ಗೆ ವಾದ ಬರುವುದಿಲ್ಲ. ಫೋಟೋದಲ್ಲಿ ಅಳತೆಪಟ್ಟಿ ಇರಲಿ.

ಆಮೇಲೆ ಕೊರೆದು ತೆಗೆದ ಮಾದರಿಗಳ ವರದಿ ಕೇಳಿ. ಮುಗಿದ ರಸ್ತೆಯಿಂದ 100 ಅಥವಾ 150 ಮಿ.ಮೀ. ವ್ಯಾಸದ ಉರುಳೆ ಕೊರೆದು ತೆಗೆದರೆ ಪದರದ ದಪ್ಪ ಕಣ್ಣಿಗೇ ಕಾಣುತ್ತದೆ. ಅದರಲ್ಲಿ ಗಾಳಿಯ ಕಿಂಡಿಗಳು ಎಷ್ಟು ಪಾಲು ಎಂಬುದನ್ನೂ ನೋಡಿ. ಶೇ. 8 ದಾಟಿದರೆ ಕಿಂಡಿಗಳು ಒಂದಕ್ಕೊಂದು ಕೂಡಿಕೊಂಡು ನೀರು ಒಳಗಿಳಿಯತೊಡಗುತ್ತದೆ. ಸಾಮಾನ್ಯವಾಗಿ ಮಿಶ್ರಣ ತಣ್ಣಗಾದ ಮೇಲೆ ರೋಲರ್ ಓಡಿಸಿದ್ದೇ ಇದಕ್ಕೆ ಕಾರಣ, ಆದ್ದರಿಂದ ಆ ದಿನದ ಲಾರಿವಾರು ಶಾಖದ ದಾಖಲೆಯನ್ನೂ ಜೊತೆಗೆ ಕೇಳಿ. ಉರುಳೆ ತೆಗೆದ ತೂತನ್ನು ಮುಚ್ಚಿದ್ದಾರೆಯೇ ಎಂದು ಅದೇ ದಿನ ಹೋಗಿ ನೋಡಿ.